ಓಟ ಮುಗಿಯುವ ಮೊದಲೇ ಲೈಟ್ ಹಾಕಿದ್ದು ಯಾಕೆ?

ಮಾನ್ಯರೇ,

ಮಕ್ಕಳ ಚಲನಚಿತ್ರ ಪ್ರದರ್ಶನ ಯಶಸ್ವಿಯಾಗಿ ನಡೆಯಿತು ಎಂಬ ನಿಮ್ಮ ವರದಿ ಓದಿ ಮೈ ಉರಿಯಿತು. ಅಂದು ಚಿತ್ರವೇ ಪೂರ್ತಿಯಾಗಲಿಲ್ಲ. ಸನ್ಮಾನದ ಫೋಟೊ ಮಾತ್ರ ಚೆನ್ನಾಗಿ ಬಂದಿದೆ.

ಹಾಕಿದ್ದು ಇರಾನಿನ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’, 1997ರ ಚಿತ್ರ. ರಿಪೇರಿ ಮಾಡಿಸಿದ ತಂಗಿಯ ಶೂವನ್ನು ಅಲಿ ದಾರಿಯಲ್ಲಿ ಕಳೆದುಬಿಡುತ್ತಾನೆ. ಅಪ್ಪನ ಕೈಲಿ ದುಡ್ಡಿಲ್ಲ ಅಂತ ಅವನಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ತಂಗಿ ಅಣ್ಣನ ಶೂ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಓಡೋಡಿ ಬಂದು ಓಣಿಯಲ್ಲಿ ಬಿಚ್ಚಿಕೊಡುತ್ತಾಳೆ. ಅದನ್ನೇ ಸಿಕ್ಕಿಸಿಕೊಂಡು ಅವನು ತನ್ನ ಶಾಲೆಗೆ ಓಡುತ್ತಾನೆ. ಒಂದು ಶೂ ಅವಳ ಕಾಲಿಂದ ಜಾರಿ ಚರಂಡಿಯಲ್ಲಿ ತೇಲಿ ಹೋಗುವಾಗ, ಹಾಸ್ಟೆಲ್‌ನಿಂದ ಬಂದಿದ್ದ ಮಕ್ಕಳು ‘ಹಿಡಿ, ಹಿಡಿ’ ಅಂತ ಎದ್ದು ನಿಂತು ಕೂಗಿದರು.

ಕೊನೆಗೆ ಓಟದ ಸ್ಪರ್ಧೆ. ಮೂರನೆಯ ಬಹುಮಾನ ಒಂದು ಜೊತೆ ಶೂ. ಅಲಿಗೆ ಬೇಕಾದದ್ದು ಅದೊಂದೇ. ಅವನು ಜೀವ ಬಿಟ್ಟು ಓಡುತ್ತಿದ್ದಾನೆ, ಅಷ್ಟರಲ್ಲಿ ಲೈಟ್ ಹಾಕಿದರು. ಗಣ್ಯರು ಬಂದರಂತೆ! ಹಾರ, ಶಾಲು, ಭಾಷಣ. ಭಾಷಣ ಮುಗಿಯುವ ಹೊತ್ತಿಗೆ ಹಾಸ್ಟೆಲ್ ಮಕ್ಕಳನ್ನು ವ್ಯಾನಿಗೆ ಹತ್ತಿಸಿ ಆಗಿತ್ತು. ‘ಆಂಟಿ, ಅವನಿಗೆ ಶೂ ಸಿಕ್ತಾ?’ ಅಂತ ಹೋಗುವಾಗ ಒಬ್ಬ ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಲ್ವಿಚಾರಕರು ಅವಳನ್ನು ಎಳೆದುಕೊಂಡು ಹೋದರು.

ಅರ್ಧ ದಿನ ರಜೆ ಹಾಕಿ, ಸಂಬಳ ಕಳೆದುಕೊಂಡು ಮಗನನ್ನು ಕರೆದುಕೊಂಡು ಹೋಗಿದ್ದೆ. ಮುಂದಿನ ಸಾಲುಗಳಿಗೆಲ್ಲ ‘ಕಾಯ್ದಿರಿಸಲಾಗಿದೆ’ ಅಂತ ಚೀಟಿ. ಕೊನೆತನಕ ಅಲ್ಲಿ ಯಾರೂ ಕೂರಲಿಲ್ಲ. ನಾವು ಗೋಡೆಗೆ ಒರಗಿ ನಿಂತೆವು. ಫ್ಯಾನ್ ತಿರುಗಲಿಲ್ಲ, ಕುಡಿಯಲು ನೀರಿಲ್ಲ, ಶೌಚಾಲಯಕ್ಕೆ ಬೀಗ. ಕೇಳಲು ಹೋದರೆ ‘ಕಾರ್ಯಕ್ರಮ ಇದೆ, ಆಮೇಲೆ ಬನ್ನಿ’ ಎಂಬ ಉತ್ತರ. ನಾವು ಬಂದಿದ್ದು ಯಾವುದಕ್ಕೆ ಹಾಗಾದರೆ?

ಇಷ್ಟಾದ ಮೇಲೂ, ಇಂಥ ಕಷ್ಟದ ಕಥೆಗಳು ಮಕ್ಕಳನ್ನು ಅಳಿಸುತ್ತವೆ, ಮುಂದಿನ ಸಲ ಖುಷಿಯ ಚಿತ್ರ ಹಾಕುತ್ತೇವೆ ಎಂದು ಅಧಿಕಾರಿಗಳು ಹೇಳಿದ್ದಾಗಿ ನಿಮ್ಮ ವರದಿಯಲ್ಲಿದೆ. ಅಧಿಕಾರಿಗಳೇ, ಸಮಾಧಾನದ ಭಾಗವನ್ನು ಕತ್ತರಿಸಿದ್ದು ನೀವೇ! ಅಲಿ ಮೊದಲಿಗನಾಗಿ ಬಂದುಬಿಡುತ್ತಾನೆ, ಶೂ ಸಿಗಲಿಲ್ಲ ಅಂತ ಅಳುತ್ತಾನೆ. ಆದರೆ ಅಪ್ಪನ ಸೈಕಲ್ಲಿನಲ್ಲಿ ಹೊಸ ಶೂ ಮನೆಗೆ ಬರುತ್ತಿರುವುದನ್ನು ನಿರ್ದೇಶಕರು ನಮಗೆ ತೋರಿಸುತ್ತಾರೆ. ಅದನ್ನು ಆ ಹುಡುಗಿ ನೋಡಲೇ ಇಲ್ಲ.

ಕಷ್ಟದಲ್ಲಿ ಬೆಳೆಯುವ ಮಕ್ಕಳ ಚಿತ್ರ ಅಂದರೆ ಬರೀ ಗೋಳಲ್ಲ. ತಮಿಳಿನ ‘ಕಾಕಾ ಮುಟ್ಟೈ’ ನೋಡಲಿ. ಪಿಜ್ಜಾ ತಿನ್ನಬೇಕೆಂಬ ಕೊಳೆಗೇರಿಯ ಅಣ್ಣತಮ್ಮಂದಿರ ಆಸೆ ಎಷ್ಟು ನಗಿಸುತ್ತದೆ! ಮೀರಾ ನಾಯರ್ 1988ರಲ್ಲಿ ‘ಸಲಾಂ ಬಾಂಬೆ’ ಮಾಡಿದಾಗ ಬೀದಿಯ ಮಕ್ಕಳನ್ನೇ ತರಬೇತಿ ಕೊಟ್ಟು ನಟರನ್ನಾಗಿಸಿದರು. ಆ ಚಿತ್ರದಿಂದಲೇ ಅಂಥ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿತು. ನಮ್ಮವರಿಗೆ ಹಾಸ್ಟೆಲ್ ಮಕ್ಕಳು ಬೇಕಾಗಿದ್ದು ಕುರ್ಚಿ ತುಂಬಿಸಲು ಮಾತ್ರ.

ಇದು ಇವತ್ತಿನ ಕಥೆಯೂ ಅಲ್ಲ. ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಬಂದ ಪ್ರೊಜೆಕ್ಟರ್ ಡಬ್ಬಿಯಲ್ಲೇ ಧೂಳು ತಿನ್ನುತ್ತಿದೆ. ಅದರ ಬಗ್ಗೆ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಸಭಾಂಗಣದ ರಸ್ತೆಯ ಬೀದಿದೀಪ ಉರಿಯದೆ ಎಷ್ಟು ಕಾಲವಾಯಿತು? ಅದಕ್ಕೂ ಅರ್ಜಿ ಕೊಟ್ಟಿದ್ದೆವು. ಚಿತ್ರ ನೋಡಿ ಕತ್ತಲಲ್ಲೇ ಮಕ್ಕಳ ಕೈ ಹಿಡಿದು ನಡೆದು ಬಂದೆವು.

ಆ ಚಿತ್ರವನ್ನು ಅದೇ ಮಕ್ಕಳಿಗೆ ಪೂರ್ತಿ ತೋರಿಸಬೇಕು. ಸಭಾಂಗಣವನ್ನೂ ಸರಿಪಡಿಸಬೇಕು. ಎರಡೂ ಆಗದಿದ್ದರೆ ಮಕ್ಕಳ ಹೆಸರು ಹೇಳಿ ಕಾರ್ಯಕ್ರಮ ಮಾಡುವುದನ್ನೇ ಬಿಡಲಿ. ಭಾಷಣ ಮಾಡಲೇಬೇಕಿದ್ದರೆ ಚಿತ್ರ ಮುಗಿದ ಮೇಲೆ ಮಾಡಲಿ. ಸಂಬಂಧಪಟ್ಟವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಮಗನೊಂದಿಗೆ ಬಂದಿದ್ದ ಒಬ್ಬ ತಾಯಿ