ಗೆಳೆಯನಿಗೊಂದು ಪತ್ರ: ಗೋಡೆಯಷ್ಟೇ ಅಲ್ಲ, ನೆಲವೂ

ಪ್ರಿಯ ಗೆಳೆಯಾ,

ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ನಿನ ಕಡಲ ತಡೆಗೋಡೆಯ ಮೇಲೆ ನಿಂತು ತೆಗೆಸಿಕೊಂಡ ಫೋಟೋ ತಲುಪಿತು. ಹ್ಯೂಸ್ಟನ್ನಿನ ಮಗಳ ಮನೆಯಿಂದ ಐವತ್ತು ಮೈಲಿ ಹೋಗಿ ಆ ಊರು ನೋಡಿ ಬಂದದ್ದು ಒಳ್ಳೆಯದೇ ಆಯಿತು. ಆದರೆ "ಊರನ್ನು ಉಳಿಸಿದ್ದು ಈ ಗೋಡೆಯಂತೆ" ಎಂದು ಬರೆದಿದ್ದೀಯಲ್ಲ, ಅದು ಅರ್ಧ ಮಾತು. ಉಳಿದರ್ಧ ನಿನ್ನ ಕಾಲಡಿಯಲ್ಲೇ ಇತ್ತು. ಗೋಡೆಯಿಂದಿಳಿದು ಊರೊಳಕ್ಕೆ ನಡೆದೆಯಲ್ಲ, ಆ ನೆಲ 1903ಕ್ಕೆ ಮೊದಲು ಅಲ್ಲಿರಲಿಲ್ಲ. ಹಳೆಯ ನೆಲ ಅದರ ಅಡಿಯಲ್ಲಿ ಹೂತುಹೋಗಿದೆ.

ಆ ಊರಿರುವುದು ಮರಳುದಿಬ್ಬದಂಥ ಒಂದು ದ್ವೀಪದ ಮೇಲೆ. ಸುಮಾರು 27 ಮೈಲಿ ಉದ್ದ, ಅತಿ ಅಗಲವಾದಲ್ಲೂ ಮೂರೇ ಮೈಲಿ. ಒಂದು ಬದಿ ಮೆಕ್ಸಿಕೊ ಕೊಲ್ಲಿಯ ತೆರೆದ ಕಡಲು, ಇನ್ನೊಂದು ಬದಿ ಹಿನ್ನೀರು. ಹಡಗು ನಿಲ್ಲಲು ಅನುಕೂಲವಾದದ್ದು ಆ ಹಿನ್ನೀರಿನ ಬದಿ. ಅದಕ್ಕೇ 1838ರಲ್ಲಿ ಮಿಷೆಲ್ ಮೆನಾರ್ಡ್ ಮತ್ತವನ ಜೊತೆಗಾರರು ನಿವೇಶನ ಹಂಚಿ ಊರು ಕಟ್ಟಿದರು. ಟೆಕ್ಸಾಸಿನ ಹತ್ತಿಯ ಬಹುಪಾಲು ಅಲ್ಲಿಂದ ಹಡಗೇರಿತು. ಬಂದರಿಗೆ ಹೊಂದಿಕೊಂಡ ಸ್ಟ್ರ್ಯಾಂಡ್ ಬೀದಿಯಲ್ಲಿ ಬ್ಯಾಂಕು, ಗೋದಾಮು, ವಿಮಾ ಕಚೇರಿಗಳು ಸಾಲುಗಟ್ಟಿದವು. 1900ರ ಜನಗಣತಿಯಲ್ಲಿ 37,789 ಜನ. ಅಷ್ಟು ಶ್ರೀಮಂತ ಊರಿನ ಅತಿ ಎತ್ತರದ ಜಾಗ ಕಡಲಮಟ್ಟಕ್ಕಿಂತ 9 ಅಡಿ ಕೂಡ ಮೇಲಿರಲಿಲ್ಲ.

ಎಚ್ಚರಿಕೆ ಇರಲಿಲ್ಲ ಎನ್ನುವಂತಿಲ್ಲ. ಅದೇ ಕರಾವಳಿಯ ಇಂಡಿಯಾನೋಲಾ ಎಂಬ ಬಂದರು 1875ರ ಚಂಡಮಾರುತದಲ್ಲಿ ನೆಲಕಚ್ಚಿ, ಮತ್ತೆ ಎದ್ದು, 1886ರಲ್ಲಿ ಮತ್ತೆ ಬಿದ್ದು ಶಾಶ್ವತವಾಗಿ ಖಾಲಿಯಾಯಿತು. ಆಗ ಗ್ಯಾಲ್ವೆಸ್ಟನ್ನಿನಲ್ಲೂ ಗೋಡೆಯ ಮಾತು ಎದ್ದಿತು, ಕೆಲವು ತಿಂಗಳಲ್ಲಿ ತಣ್ಣಗಾಯಿತು. 1891ರಲ್ಲಿ ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್, ಈ ಊರಿಗೆ ಚಂಡಮಾರುತದ ಭಯ ಬರೀ ಭ್ರಮೆ ಎಂಬರ್ಥದಲ್ಲಿ ಪತ್ರಿಕೆಯಲ್ಲೇ ಬರೆದ. ಅದಕ್ಕಿಂತ ದೊಡ್ಡ ತಪ್ಪೆಂದು ನನಗನಿಸುವುದು ಇನ್ನೊಂದು: ಕಡಲ ಬದಿಯಲ್ಲಿ ತಾನಾಗಿ ಎದ್ದಿದ್ದ ಮರಳುಗುಡ್ಡೆಗಳನ್ನು ಕಡಿದು ಊರಿನ ತಗ್ಗು ತುಂಬಲು ಬಳಸಿದ್ದರು. ಇದ್ದ ಒಂದೇ ತಡೆಯನ್ನೂ ಕೈಯಾರೆ ಕಳೆದುಕೊಂಡಂತಾಯಿತು.

1900ರ ಸೆಪ್ಟೆಂಬರ್ 8ರಂದು ಚಂಡಮಾರುತ ಬಡಿದು ಕಡಲು 15 ಅಡಿಗೂ ಮೇಲೆ ಉಕ್ಕಿತು. ಊರಿನಲ್ಲಿ ಸತ್ತವರು 6,000ದಿಂದ 8,000. ಕ್ಲೈನನ ಹೆಂಡತಿಯೂ ಅವರಲ್ಲೊಬ್ಬಳು. ನಾಶವಾದ ಮನೆಗಳು ಸುಮಾರು 3,600. ಆ ರಾತ್ರಿಯ ಒಂದು ಸಂಗತಿಯನ್ನು ಗಮನಿಸು. ಕಡಲಂಚಿನ ಮನೆಗಳು ಮುರಿದು, ಆ ಮರ ಒಳಗಿನ ಸಾಲಿನ ಮನೆಗಳಿಗೆ ಬಡಿದು, ಅವೂ ಮುರಿದು, ಕೊನೆಗೆ ಎಲ್ಲ ಸೇರಿ ಎತ್ತರದ ರಾಶಿಯಾಗಿ ನಿಂತವು. ಆ ರಾಶಿಯೇ ಅಲೆಗಳನ್ನು ತಡೆಯಿತು. ಅದರ ಹಿಂದಿದ್ದ ಮನೆಗಳಿಗೆ ನೀರು ನುಗ್ಗಿತೇ ಹೊರತು ಅಲೆಯ ಹೊಡೆತ ಬೀಳಲಿಲ್ಲ. ಮನೆ ಒಡೆಯುವುದು ನಿಂತ ನೀರಲ್ಲ, ಬಡಿಯುವ ಅಲೆ.

ಮರುವರ್ಷ ಊರು ಮೂವರು ಎಂಜಿನಿಯರುಗಳನ್ನು ಕರೆಸಿತು: ಸೇನೆಯಿಂದ ನಿವೃತ್ತನಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್, ಆಲ್ಫ್ರೆಡ್ ನೋಬಲ್, ಎಚ್. ಸಿ. ರಿಪ್ಲಿ. 1902ರ ಜನವರಿಯಲ್ಲಿ ಅವರು ಕೊಟ್ಟ ವರದಿಯಲ್ಲಿ ಗೋಡೆ ಕಟ್ಟುವುದು, ಊರಿನ ನೆಲ ಎತ್ತುವುದು ಎರಡೂ ಇದ್ದವು. ಅವು ಒಂದೇ ಕೆಲಸದ ಎರಡು ಭಾಗಗಳು. ಗೋಡೆಯಷ್ಟೇ ಕಟ್ಟಿದ್ದರೆ ಅದನ್ನು ಹಾರಿ ಬಂದ ನೀರು ಹೊರಹೋಗಲಾರದೆ ಊರು ಬಾಣಲೆಯಂತೆ ತುಂಬುತ್ತಿತ್ತು. ಹಿಂದೆ ಆಸರೆಯಿಲ್ಲದೆ ಅಲೆಯ ಪೆಟ್ಟನ್ನೆಲ್ಲ ಗೋಡೆಯೊಂದೇ ತಿನ್ನಬೇಕಾಗುತ್ತಿತ್ತು. ನೆಲವನ್ನಷ್ಟೇ ಎತ್ತಿದ್ದರೆ ಆ ಮರಳನ್ನು ಕಡಲು ಮೊದಲ ಬಿರುಗಾಳಿಗೇ ಕೊರೆದೊಯ್ಯುತ್ತಿತ್ತು.

ಗೋಡೆಯ ಲೆಕ್ಕ ಹೀಗಿದೆ. ಎತ್ತರ 17 ಅಡಿ, ಬುಡದಲ್ಲಿ ದಪ್ಪ 16 ಅಡಿ, ತಲೆಯಲ್ಲಿ 5 ಅಡಿ. ಕಡಲಿಗೆ ಮುಖಮಾಡಿದ ಬದಿ ಒಳಬಾಗಿದೆ. ಬಂದ ಅಲೆ ಆ ಬಾಗನ್ನೇರಿ ಮೇಲಕ್ಕೆ ಚಿಮ್ಮಿ, ಬಲ ಕಳೆದುಕೊಂಡು ಬೀಳಲಿ ಎಂದು. ಮರಳಿನ ಮೇಲೆ ಅಷ್ಟು ಭಾರ ನಿಲ್ಲುವುದಿಲ್ಲವಾದ್ದರಿಂದ ಮೊದಲು ಮರದ ಕಂಬಗಳನ್ನು ಆಳಕ್ಕೆ ಬಡಿದು, ಅವುಗಳ ಮೇಲೆ ಕಾಂಕ್ರೀಟು ಕೂರಿಸಿದರು. ಅಲೆ ಬುಡ ಕೊರೆಯದಂತೆ ಮುಂದೆ 27 ಅಡಿ ಅಗಲಕ್ಕೆ ಗ್ರಾನೈಟ್ ಬಂಡೆ ಹಾಸಿದರು. ಕಾಂಕ್ರೀಟು ಹಾಕಿದ್ದು 60 ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದು. ಅವು ಗಟ್ಟಿಯಾದ ಮೇಲೆ ನಡುವಿನ ಖಾಲಿ ತುಂಬಿದರು. ಮೊದಲ ಮೂರು ಮೈಲಿಗಿಂತ ಸ್ವಲ್ಪ ಹೆಚ್ಚಿನ ಗೋಡೆ 1902ರ ಅಕ್ಟೋಬರಿನಿಂದ 1904ರ ಜುಲೈ ಒಳಗೆ ಮುಗಿಯಿತು. ಆಮೇಲೆ ಬೆಳೆಯುತ್ತಾ ಬಂದು ಇವತ್ತು ಸುಮಾರು ಹತ್ತು ಮೈಲಿ ಆಗಿದೆ. ಹಣಕ್ಕಾಗಿ ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಹೊರಡಿಸಿದ 15 ಲಕ್ಷ ಡಾಲರಿನ ಬಾಂಡುಗಳನ್ನು ಬಹುಪಾಲು ದ್ವೀಪದ ಜನರೇ ಕೊಂಡರು.

ನೆಲ ಎತ್ತುವುದು ಇದಕ್ಕಿಂತ ಬಹಳ ಕಷ್ಟದ ಕೆಲಸ, ಏಕೆಂದರೆ ಆ ನೆಲದ ಮೇಲೆ ಜನ ಬದುಕುತ್ತಿದ್ದರು. ಗುತ್ತಿಗೆ ಹಿಡಿದದ್ದು ಗೊಡ್‌ಹಾರ್ಟ್ ಮತ್ತು ಬೇಟ್ಸ್. ಅವರು ಊರಿನೊಳಗೇ 200 ಅಡಿ ಅಗಲ, 20 ಅಡಿ ಆಳದ ಕಾಲುವೆ ತೋಡಿದರು. ಅದರ ದಾರಿಯಲ್ಲಿದ್ದ ಮನೆಗಳನ್ನು ಬೇರೆಡೆಗೆ ಸರಿಸಿದರು. ಹೂಳೆತ್ತುವ ಹಡಗುಗಳು ಬಂದರಿನ ಬಾಯಿಯಲ್ಲಿ ಮರಳು ತುಂಬಿಕೊಂಡು, ಕಾಲುವೆಯ ಮೂಲಕ ಊರ ನಡುವಿಗೆ ಬಂದು, ಮರಳು ಬೆರೆತ ನೀರನ್ನು ಕೊಳವೆಗಳಲ್ಲಿ ಕಾರುತ್ತಿದ್ದವು. ಕಾಲು ಮೈಲಿ ಉದ್ದಗಲದ ಒಂದೊಂದು ಚೌಕಕ್ಕೂ ಸುತ್ತ ಏರಿ ಕಟ್ಟಿ ಒಳಗೆ ಇದನ್ನು ಬಿಡುವುದು. ನೀರು ಬಸಿದುಹೋಗಿ ಮರಳು ಕೂತ ಮೇಲೆ ಮತ್ತೊಂದು ಪದರ.

ಮರಳು ಬಿಡುವ ಮೊದಲು ಆ ಚೌಕದಲ್ಲಿದ್ದುದೆಲ್ಲ ಮೇಲೇರಬೇಕು: ಮನೆ, ನೀರಿನ ಪೈಪು, ಗ್ಯಾಸಿನ ಪೈಪು, ಟ್ರಾಮಿನ ಹಳಿ, ಬೆಂಕಿ ಆರಿಸುವ ನಲ್ಲಿಗಳೂ. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಈಗ ಜಾಕ್ ಕೊಟ್ಟು ಮನೆ ಎತ್ತುತ್ತಾರಲ್ಲ, ಅದೇ ವಿಧಾನ. ಅಡಿಪಾಯದ ಸುತ್ತ ಅಗೆದು, ಮನೆಯಡಿಗೆ ದಪ್ಪ ತೊಲೆಗಳನ್ನು ತೂರಿಸಿ, ತೊಲೆಗಳಡಿಗೆ ಸ್ಕ್ರೂ ಜಾಕ್‌ಗಳನ್ನಿಟ್ಟು, ಒಂದೇ ತಾಳಕ್ಕೆ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಂದು ಮೂಲೆ ಮುಂದೆ ಹೋದರೆ ಗೋಡೆ ಬಿರುಕು ಬಿಡುತ್ತದೆ. 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನು 700 ಜಾಕ್‌ಗಳಿಂದ 5 ಅಡಿ ಎತ್ತಿದರು. ಮರಳು ತುಂಬುವ ಖರ್ಚು ಊರಿನದು, ಮನೆ ಎತ್ತುವ ಖರ್ಚು ಮನೆಯವರದೇ. ಬಡವರಿಗೆ ಅದು ಎಷ್ಟು ಭಾರವಾಗಿದ್ದೀತು ಎಂದು ನಾನು ಹೇಳಬೇಕಿಲ್ಲ. ವರ್ಷಗಟ್ಟಲೆ ಜನ ಕೆಸರಿನ ಮೇಲೆ ಕಟ್ಟಿದ ಹಲಗೆ ಸೇತುವೆಗಳ ಮೇಲೆ ನಡೆದು ಶಾಲೆಗೆ, ಅಂಗಡಿಗೆ ಹೋದರು. ಉಪ್ಪು ಮರಳಿನಡಿ ಮರಗಿಡವೆಲ್ಲ ಸತ್ತವು. ಮೇಲ್ಮಣ್ಣು ತರಿಸಿ ಹೊಸದಾಗಿ ನೆಡಬೇಕಾಯಿತು. ಈಗ ಊರ ತುಂಬ ಕಾಣುವ ಕಣಗಿಲೆ ಉಪ್ಪುಗಾಳಿ ತಡೆಯುವ ಗಿಡ.

ಮುಗಿಯುವಾಗ ಬೀದಿಗಳ ನಡುವಿನ ಸುಮಾರು 500 ಬ್ಲಾಕುಗಳು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಮೇಲೇರಿದ್ದವು. ಸುರಿದ ಮರಳು ಸುಮಾರು 1.6 ಕೋಟಿ ಘನ ಗಜ. ಗೋಡೆಯ ಬಳಿ ಎತ್ತರ, ಅಲ್ಲಿಂದ ಪ್ರತಿ 1,500 ಅಡಿಗೆ ಒಂದಡಿಯಂತೆ ಹಿನ್ನೀರಿನ ಕಡೆಗೆ ಇಳಿಜಾರು. ಗೋಡೆ ಹಾರಿದ ನೀರು ತಾನಾಗಿ ಹಿಂದಕ್ಕೆ ಹರಿದುಹೋಗಲೆಂದು. 1915ರಲ್ಲಿ 1900ರದ್ದಕ್ಕೆ ಸಮನಾದ ಚಂಡಮಾರುತ ಬಡಿದಾಗ ಗೋಡೆ ನಿಂತಿತು, ಊರು ಉಳಿಯಿತು.

ವ್ಯಾಪಾರ ಮಾತ್ರ ಉಳಿಯಲಿಲ್ಲ. 1901ರಲ್ಲಿ ಟೆಕ್ಸಾಸಿನದೇ ಸ್ಪಿಂಡಲ್‌ಟಾಪ್ ಎಂಬಲ್ಲಿ ಕಚ್ಚಾ ಎಣ್ಣೆ ಚಿಮ್ಮಿತು, 1914ರಲ್ಲಿ ಹ್ಯೂಸ್ಟನ್ನಿಗೆ ಆಳದ ಹಡಗುಗಾಲುವೆ ತೆರೆಯಿತು. ಒಳನಾಡಿನ ಸುರಕ್ಷಿತ ಬಂದರು ಸಿಕ್ಕ ಮೇಲೆ ಬಂಡವಾಳ ದ್ವೀಪಕ್ಕೆ ಏಕೆ ಬರುತ್ತದೆ? ಆಮೇಲೆ ಕೆಲವು ದಶಕ ಜೂಜು ಊರನ್ನು ಸಾಕಿತು, 1957ರಲ್ಲಿ ಅದನ್ನೂ ಮುಚ್ಚಿಸಿದರು. ಬೆಳೆಯದೆ ಉಳಿದದ್ದರಿಂದಲೇ ನೀನು ಮೆಚ್ಚಿದ ಹಳೆಯ ಕಟ್ಟಡಗಳನ್ನು ಯಾರೂ ಕೆಡವಲಿಲ್ಲ ಎಂಬುದು ನನ್ನ ಅನಿಸಿಕೆ.

ಗೋಡೆಗೂ ಬೆಲೆ ತೆರಬೇಕಾಯಿತು. ಗಟ್ಟಿ ಗೋಡೆಗೆ ಬಡಿದು ಮರಳುವ ಅಲೆ ಬುಡದ ಮರಳನ್ನು ಎಳೆದೊಯ್ಯುತ್ತದೆ. ಮುಂದಿನ ಅಗಲವಾದ ಬೀಚು ಕರಗಿಹೋಯಿತು. ಈಗ ಕಾಣುವ ಬೀಚಿಗೆ ಬೇರೆಡೆಯಿಂದ ಮರಳು ತಂದು ಸುರಿಯುತ್ತಿರುತ್ತಾರೆ. ಇನ್ನು 2008ರ ಐಕ್ ಚಂಡಮಾರುತದಲ್ಲಿ ನೀರು ಗೋಡೆಯ ಗೊಡವೆಗೇ ಹೋಗದೆ ಹಿನ್ನೀರಿನ ಕಡೆಯಿಂದ ಬಂತು. ಇಳಿಜಾರಿನ ತಗ್ಗಿನ ತುದಿ ಅದೇ ತಾನೆ? ಸ್ಟ್ರ್ಯಾಂಡಿನ ಅಂಗಡಿಗಳೊಳಗೆ ಆಳೆತ್ತರ ನೀರು ನಿಂತಿತು. ನೆಲ ಎತ್ತಿದ ಮೇಲೆ ನೆಟ್ಟು ಬೆಳೆಸಿದ್ದ ಬ್ರಾಡ್‌ವೇ ಬೀದಿಯ ಓಕ್ ಮರಗಳು ಉಪ್ಪು ನೀರು ಕುಡಿದು ಒಣಗಿದವು; ಊರಿನಲ್ಲಿ ಸತ್ತ ಮರಗಳ ಲೆಕ್ಕ ಸುಮಾರು 40,000. ಕೆಲವು ಬೊಡ್ಡೆಗಳನ್ನು ಬೀದಿಬದಿಯ ಶಿಲ್ಪಗಳಾಗಿ ಕೆತ್ತಿದ್ದನ್ನು ನೀನು ನೋಡಿರಬಹುದು. ಈಗ ಹಿನ್ನೀರಿನ ಬಾಯಿಗೇ ದೊಡ್ಡ ಗೇಟುಗಳನ್ನು ಹಾಕುವ ಯೋಜನೆಯಿದೆ.

ಮುಂದಿನ ಸಲ ಹೋದಾಗ ಬ್ರಾಡ್‌ವೇಯಲ್ಲಿ ಆಶ್ಟನ್ ವಿಲ್ಲಾ ಎಂಬ 1859ರ ಇಟ್ಟಿಗೆ ಮನೆಯ ಮುಂದೆ ಐದು ನಿಮಿಷ ನಿಲ್ಲು. ಅದನ್ನು ಎತ್ತಲಿಲ್ಲ, ನೆಲಮಾಳಿಗೆಗೆ ಮರಳು ತುಂಬಿಸಿ ಹಾಗೇ ಬಿಟ್ಟರು. ಮುಂದಿನ ಕಬ್ಬಿಣದ ಬೇಲಿ ಅಂಥ ಮನೆಗೆ ಗಿಡ್ಡವೆನಿಸುತ್ತದೆ. ಬೇಲಿಯ ಬುಡ ಮಣ್ಣಿನ ಕೆಳಗಿದೆ.

ನಿನ್ನ ಗೆಳೆಯ