ಗುಂಯ್ ಸದ್ದಿಗೆ ಅರ್ಥ್ ಪಿನ್ ಕೀಳುವುದು ಮದ್ದಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಗಿಟಾರ್ ಫಜ್ ಪೆಡಲ್ (ಗಿಟಾರಿನ ದನಿಯನ್ನು ಒರಟಾಗಿಸುವ, ಕಾಲಲ್ಲಿ ತುಳಿಯುವ ಪುಟ್ಟ ಪೆಟ್ಟಿಗೆ) ಕಟ್ಟುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಕನ್ನಡದಲ್ಲಿ ಇಂಥ ಬರಹ ಸಿಗುವುದೇ ಅಪರೂಪ. ಆದರೆ ಕೊನೆಯ ಪ್ಯಾರಾದ ಎರಡು ಸಲಹೆಗಳನ್ನು ಹಾಗೇ ಬಿಡುವಂತಿಲ್ಲ. ‘ಗುಂಯ್ ಎಂದರೆ ಆಂಪ್ಲಿಫೈಯರ್‌ನ ಅರ್ಥ್ ಪಿನ್ ತೆಗೆದುಬಿಡಿ’ ಎಂಬುದು ಪ್ರಾಣಕ್ಕೆ ಕುತ್ತು. ‘ಅದಕ್ಕೂ ಬಗ್ಗದಿದ್ದರೆ ಟ್ರಾನ್ಸಿಸ್ಟರ್ ಬದಲಿಸಿ’ ಎಂಬುದು ದುಡ್ಡಿಗೆ ದಂಡ.

ಪಿನ್ನಿನ ವಿಷಯ ಮೊದಲು. ಗಿಟಾರಿನ ತಂತಿಗಳು ಕೇಬಲ್ಲಿನ ಹೊರಜಾಲರಿಯ ಮೂಲಕ ಆಂಪ್ಲಿಫೈಯರ್‌ನ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಸೇರಿರುತ್ತವೆ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಕೆಟ್ಟು ಚಾಸಿಗೆ 230 ವೋಲ್ಟ್ ಬಂದ ದಿನ ಫ್ಯೂಸ್ ಹಾರಿಸುವುದು ಆ ಮೂರನೇ ಪಿನ್ನೇ. ಅದಿಲ್ಲದಿದ್ದರೆ ಕರೆಂಟು ತಂತಿಯ ಮೇಲಿನ ಬೆರಳಿನಿಂದ ಹೊರಟು ಮೈಕಿಗೆ ತಾಗಿದ ತುಟಿಯ ಕಡೆ ದಾರಿ ಹುಡುಕುತ್ತದೆ. ಪಿನ್ ತೆಗೆದರೆ ಕೆಲವೊಮ್ಮೆ ಸದ್ದು ನಿಲ್ಲುವುದು ನಿಜ, ಎರಡು ಕಡೆ ಅರ್ಥ್ ಸೇರಿ ಆದ ಸುತ್ತು ಕಡಿಯುತ್ತದೆ. ಆದರೆ ಆಂಪ್ಲಿಫೈಯರನ್ನೂ ಪೆಡಲಿನ ಅಡಾಪ್ಟರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಆ ಸುತ್ತಿನ ಕಾಟ ಬಹುಪಾಲು ಹೋಗುತ್ತದೆ. ಅದಕ್ಕೆ ಕತ್ತರಿ ಬೇಕಿಲ್ಲ.

ಇನ್ನು ಪೆಡಲ್. ಏನನ್ನೂ ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಬೇಕು. ಗುಂಯ್, ಜುಯ್, ಶ್‌ಶ್, ಕೀಂ, ಚರಚರ, ಟಪ್ ಇವೆಲ್ಲ ಬೇರೆ ಬೇರೆ ಕಾಯಿಲೆಗಳು. ಅಮೆರಿಕದ ಕೈಪಿಡಿಗಳಲ್ಲಿ ಗುಂಯ್ ಸದ್ದಿಗೆ 60 ಮತ್ತು 120 ಹರ್ಟ್ಸ್ ಎಂದಿರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಇಲ್ಲಿ ಹುಡುಕಬೇಕಾದದ್ದು 50 ಮತ್ತು 100. ಅಳೆಯಲು ಉಪಕರಣ ಬೇಡ, ಗಿಟಾರೇ ಸಾಕು. ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಸ್ ನುಡಿಯುತ್ತದೆ. ಪೆಡಲಿನ ಸದ್ದು ಆ ಸ್ವರಕ್ಕೆ ಕೂದಲೆಳೆಯಷ್ಟು ಮೇಲೆ ಕೂತರೆ ಅದು 100, ಅಂದರೆ ಅಡಾಪ್ಟರಿನ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ). ಅದರ ಕೆಳಗಿನ ಸ್ಥಾಯಿಯಲ್ಲಿ ಗುಂಯ್‌ಗುಟ್ಟಿದರೆ ಅದು 50, ಎಂದರೆ ಸುತ್ತಲಿನ ವೈರಿಂಗ್ ಮತ್ತು ಟ್ರಾನ್ಸ್‌ಫಾರ್ಮರಿನಿಂದ ಗಾಳಿಯಲ್ಲಿ ಬಂದದ್ದು. ಹಳೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರಿನ ಜುಯ್ ಕೂಡ 100ರದ್ದೇ, ಸ್ವಲ್ಪ ಕರಕರ ಜಾಸ್ತಿ. ಹಾಗಾಗಿ ಫ್ಯಾನ್ ಆರಿಸಿ ಇನ್ನೊಮ್ಮೆ ಕೇಳಿ.

ಆಮೇಲೆ ಅಡಾಪ್ಟರನ್ನು ಪೂರ್ತಿ ಕಳಚಿ, 9 ವೋಲ್ಟಿನ ಬ್ಯಾಟರಿ ಹಾಕಿ. ಜುಯ್ ಮಾಯವಾದರೆ ಬೋರ್ಡಿನಲ್ಲಿ ತಪ್ಪಿಲ್ಲ. ಲೇಖನದಲ್ಲಿದ್ದ ಎರಡು ಟ್ರಾನ್ಸಿಸ್ಟರಿನ ಸರ್ಕ್ಯೂಟಿಗೆ ಪವರ್ ಲೈನಿನ ಕೊಳೆಯಿಂದ ರಕ್ಷಣೆಯೇ ಇಲ್ಲ, ಏಕೆಂದರೆ ಮೊದಲ ಟ್ರಾನ್ಸಿಸ್ಟರಿನ 33 ಕಿಲೋಓಮ್ ರೆಸಿಸ್ಟರ್ ಮೂಲಕ ರಿಪಲ್ ನೇರವಾಗಿ ಎರಡನೆಯದರ ಬೇಸ್‌ಗೆ (ಸಿಗ್ನಲ್ ಒಳಹೋಗುವ ಕಾಲಿಗೆ) ಇಳಿಯುತ್ತದೆ. ಮದ್ದು ಅಗ್ಗ. ಪವರ್ ಲೈನಿನಲ್ಲಿ ಸರಣಿಯಾಗಿ 100 ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡಿಗೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್, 25 ವೋಲ್ಟಿನದು. 100 ಹರ್ಟ್ಸ್‌ನ ರಿಪಲ್ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಸರ್ಕ್ಯೂಟ್ ಎಳೆಯುವುದು 1 ಮಿಲಿಆಂಪ್‌ಗೂ ಕಡಿಮೆ, ಆದ್ದರಿಂದ 100 ಓಮ್‌ನಲ್ಲಿ ಕಳೆದುಹೋಗುವುದು 0.1 ವೋಲ್ಟ್ ಕೂಡ ಅಲ್ಲ. ಆದರೆ ಎಲ್‌ಇಡಿಯನ್ನು ಆ ರೆಸಿಸ್ಟರಿಗೆ ಮುಂಚೆಯೇ ಜೋಡಿಸಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. 16 ವೋಲ್ಟಿನ ಕೆಪಾಸಿಟರ್ ಸಾಲದೇ ಎಂದು ಕೇಳುವವರಿಗೆ: ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಇಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು ಲೋಡ್ ಇಲ್ಲದಾಗ 9ರ ಬದಲು 12–13 ವೋಲ್ಟ್ ಕೊಡುತ್ತವೆ. ಅಂಥದ್ದೇ ಕೈಯಲ್ಲಿದ್ದರೆ 12 ವೋಲ್ಟಿನ ಅಡಾಪ್ಟರ್ ತಂದು 7809 ರೆಗ್ಯುಲೇಟರ್ ಹಾಕುವುದು ಇನ್ನೂ ಒಳ್ಳೆಯದು, ಒಳಬದಿಗೆ 0.33, ಹೊರಬದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಹಿತ. 9 ವೋಲ್ಟಿನ ಅಡಾಪ್ಟರಿಗೇ 7809 ಹಾಕಿದರೆ ಪ್ರಯೋಜನವಿಲ್ಲ, ಅದಕ್ಕೆ ಒಳಗೆ ಕನಿಷ್ಠ 2 ವೋಲ್ಟ್ ಹೆಚ್ಚು ಬೇಕು.

ಬ್ಯಾಟರಿಯಲ್ಲೂ ಗುಂಯ್ ನಿಲ್ಲದಿದ್ದರೆ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿ ನೋಡಿ. ಸದ್ದು ಏರಿದರೂ ಇಳಿದರೂ ಪೆಟ್ಟಿಗೆ ಗ್ರೌಂಡಿಗೆ ಸೇರಿಲ್ಲ ಎಂದರ್ಥ. ಮೊದಲ ಸಲ ಕಟ್ಟುವವರು ಎಡವುವುದು ಹೆಚ್ಚಾಗಿ ಇಲ್ಲೇ. ಪ್ಲಾಸ್ಟಿಕ್ ಮೈಯ ಜ್ಯಾಕುಗಳು ಪೆಟ್ಟಿಗೆಗೆ ಗ್ರೌಂಡ್ ಕೊಡುವುದಿಲ್ಲ, ಬೇರೆ ವೈರ್ ಎಳೆಯಬೇಕು. ಲೋಹದ ಜ್ಯಾಕ್ ಇದ್ದರೂ ಪೆಟ್ಟಿಗೆಗೆ ಬಣ್ಣ ಬಳಿದಿದ್ದರೆ ನಟ್ಟಿನ ಕೆಳಗೆ ಕೆರೆದು ಲೋಹ ಕಾಣಿಸಬೇಕು. ಪ್ಲಾಸ್ಟಿಕ್ ಡಬ್ಬಿಯ ಒಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸುವವರಿದ್ದಾರೆ. ಸರಿಯೇ, ಆದರೆ ಅಲ್ಯೂಮಿನಿಯಂಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಸ್ಕ್ರೂ ಮತ್ತು ರಿಂಗ್ ಲಗ್‌ನಿಂದಲೇ ಕಚ್ಚಿಸಬೇಕು. ಸ್ಟೀಲಿನ ಚಿಕ್ಕ ಟಿಫಿನ್ ಡಬ್ಬಿ ಇದಕ್ಕಿಂತ ವಾಸಿ. ನೋಡಲು ಚೆಂದವಿಲ್ಲ, ಅಷ್ಟೇ. ಒಳಗೆ ಇನ್‌ಪುಟ್ ಜ್ಯಾಕಿನಿಂದ ಫುಟ್‌ಸ್ವಿಚ್ಚಿಗೆ, ಅಲ್ಲಿಂದ ಬೋರ್ಡಿಗೆ ಹೋಗುವ ವೈರ್ ಮಾತ್ರ ಶೀಲ್ಡೆಡ್ ಆಗಿರಲಿ, ಜಾಲರಿಯನ್ನು ಒಂದೇ ತುದಿಯಲ್ಲಿ ಗ್ರೌಂಡಿಗೆ ಬೆಸೆಯಿರಿ.

ಕೀಂ ಎಂಬ ಕಿರುಚಾಟ ಫಜ್ ನಾಬ್ ಪೂರ್ತಿ ತಿರುಗಿಸಿದಾಗ ಮಾತ್ರ ಬಂದರೆ ಔಟ್‌ಪುಟ್ ವೈರ್ ಇನ್‌ಪುಟ್ ವೈರಿನ ಪಕ್ಕದಲ್ಲೇ ಓಡುತ್ತಿದೆ ಎಂದು ತಿಳಿಯಿರಿ. ಮರದ ಕಡ್ಡಿಯಿಂದ ವೈರುಗಳನ್ನು ಸರಿಸುತ್ತ ಕೇಳಿದರೆ ಅಪರಾಧಿ ಸಿಕ್ಕಿಬೀಳುತ್ತಾನೆ. ಪೆಡಲಿನಲ್ಲಿ ಆಕಾಶವಾಣಿ ಕೇಳಿಸುವುದೂ ತಮಾಷೆಯ ಮಾತಲ್ಲ. ಧಾರವಾಡ ಕೇಂದ್ರ 765, ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿವೆ, ಮತ್ತು ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ಜಂಕ್ಷನ್ನೇ (ಆ ಎರಡು ಕಾಲುಗಳ ನಡುವಿನ ಜೋಡಣೆಯೇ) ಡಿಟೆಕ್ಟರಾಗಿ (ರೇಡಿಯೊ ಅಲೆಯಿಂದ ದನಿ ಬಿಡಿಸುವ ಭಾಗವಾಗಿ) ಕೆಲಸ ಮಾಡಿಬಿಡುತ್ತದೆ. ಇನ್‌ಪುಟ್ಟಿಗೆ 10 ಕಿಲೋಓಮ್ ಸರಣಿಯಲ್ಲಿ ಹಾಕಿ ಎಂಬ ಸಾಮಾನ್ಯ ಸಲಹೆ ಇಲ್ಲಿ ಹೊಂದುವುದಿಲ್ಲ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ತೀರಾ ಕಡಿಮೆ, ಫಜ್ ಸೊರಗುತ್ತದೆ. ಬದಲಿಗೆ ಎರಡೂ ಟ್ರಾನ್ಸಿಸ್ಟರುಗಳ ಕಲೆಕ್ಟರ್ (ಸಿಗ್ನಲ್ ಹೊರಬರುವ ಕಾಲು) ಮತ್ತು ಬೇಸ್ ನಡುವೆ 47 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಕಾಲು ಗಿಡ್ಡ ಮಾಡಿ ಬೆಸೆಯಿರಿ. ಸಾಲದಿದ್ದರೆ 100. ಅದಕ್ಕಿಂತ ಮೇಲೆ ಹೋದಂತೆ ದನಿ ಮಂಕಾಗುತ್ತದೆ.

ಶ್‌ಶ್ ಎಂಬುದು ಸ್ವಲ್ಪ ಮಟ್ಟಿಗೆ ಫಜ್‌ನ ಹುಟ್ಟುಗುಣ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಅದು ಹೆಚ್ಚಿದರೂ ಗಾಬರಿ ಬೇಡ: ಮೂಲದ ಇಂಪಿಡೆನ್ಸ್ ಇಳಿದಾಗ 100 ಕಿಲೋಓಮ್‌ನ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಇನ್‌ಪುಟ್ಟಿಗೆ ಮರಳಿಸಿ ಹಿಡಿತದಲ್ಲಿಡುವುದು) ದುರ್ಬಲವಾಗಿ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರುತ್ತದೆ. ತಗ್ಗಿಸಲೇಬೇಕೆಂದರೆ ಮೊದಲು ಆ 33 ಕಿಲೋಓಮ್ ಕಾರ್ಬನ್ ರೆಸಿಸ್ಟರನ್ನು 1 ಶೇಕಡಾ ಮೆಟಲ್ ಫಿಲ್ಮ್‌ಗೆ ಬದಲಿಸಿ. ಅದರ ಎರಡು ತುದಿಗಳ ನಡುವೆ 7 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ, ಕಾರ್ಬನ್ನಿನ ಹೆಚ್ಚುವರಿ ಗದ್ದಲ ಆ ವೋಲ್ಟೇಜಿನ ಜೊತೆಗೇ ಬೆಳೆಯುತ್ತದೆ. ಟ್ರಾನ್ಸಿಸ್ಟರಿನ ಸರದಿ ಇದೆಲ್ಲ ಆದ ಮೇಲೆ. ಬಿಸಿ547 ಬದಲು ಕಡಿಮೆ ಗದ್ದಲದ ಬಿಸಿ549 ಹಾಕಬಹುದು, ಕಾಲುಗಳ ಕ್ರಮ ಒಂದೇ. ಅಂಗಡಿಯವರು ‘ಇದೂ ಅದೇ’ ಎಂದು 2ಎನ್3904 ಕೊಟ್ಟರೆ ಹುಷಾರು, ಅದರಲ್ಲಿ ಕಲೆಕ್ಟರ್ ಮತ್ತು ಎಮಿಟರ್ ಅದಲುಬದಲು.

ಲೇಖನದ ಚಿತ್ರದಲ್ಲೂ ಒಂದು ತಪ್ಪಿದೆ. ಇನ್‌ಪುಟ್ಟಿನ 2.2 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಪ್ಲಸ್ ಕಾಲು ಗಿಟಾರಿನ ಕಡೆಗಿದೆ. ಎನ್‌ಪಿಎನ್ ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ 0.6 ವೋಲ್ಟಿನಲ್ಲಿರುತ್ತದೆ, ಗಿಟಾರ್ ಸೊನ್ನೆಯಲ್ಲಿ. ಆದ್ದರಿಂದ ಪ್ಲಸ್ ಬೇಸ್ ಕಡೆಗೇ ಬರಬೇಕು. ಉಲ್ಟಾ ಹಾಕಿದ ಕೆಪಾಸಿಟರ್ ಸೋರತೊಡಗಿದರೆ ಗಿಟಾರಿನ ವಾಲ್ಯೂಮ್ ತಿರುಗಿಸಿದಾಗಲೆಲ್ಲ ಚರಚರ ಎನ್ನುತ್ತದೆ, ಸ್ವಿಚ್ ತುಳಿದಾಗ ಟಪ್ ಎನ್ನುತ್ತದೆ. ಜನ ಗಿಟಾರಿನ ಪಾಟ್ (ವಾಲ್ಯೂಮ್ ನಾಬಿನ ಭಾಗ) ಕೆಟ್ಟಿತೆಂದು ಅದನ್ನು ಬದಲಿಸಿ ಕೂರುತ್ತಾರೆ. ಕೆಪಾಸಿಟರ್ ಸರಿ ಇದ್ದೂ ಟಪ್ ಬಂದರೆ ಅದರ ಗಿಟಾರ್ ಬದಿಯಿಂದ ಗ್ರೌಂಡಿಗೆ 1 ಮೆಗಾಓಮ್ ಹಾಕಿದರೆ ಸಾಕು.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಫಜ್ ಫೇಸ್ ಪೆಡಲಿನಂತೆ ಜರ್ಮೇನಿಯಂ ಪಿಎನ್‌ಪಿ (ಎನ್‌ಪಿಎನ್‌ಗೆ ಉಲ್ಟಾ ಧ್ರುವದ) ಟ್ರಾನ್ಸಿಸ್ಟರಿನಲ್ಲೇ ಕಟ್ಟಬೇಕೆನ್ನುವವರಿಗೆ ಒಂದು ಮಾತು. ಅದರಲ್ಲಿ ಪ್ಲಸ್ಸೇ ಗ್ರೌಂಡ್. ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಜೋಡಿಸಿದರೆ ಸಪ್ಲೈ ಶಾರ್ಟ್ ಆಗುತ್ತದೆ. ಐಸಿಎಲ್7660ಎಸ್ ಚಿಪ್‌ನಿಂದ ಮೈನಸ್ 9 ವೋಲ್ಟ್ ಮಾಡಿಕೊಳ್ಳಬಹುದು, ಆದರೆ ಅದರ 1ನೇ ಕಾಲನ್ನು ಪ್ಲಸ್‌ಗೆ ಸೇರಿಸಲು ಮರೆಯಬೇಡಿ. ಆಗ ಚಿಪ್‌ನ ಆಂದೋಲನ 10ರಿಂದ ಸುಮಾರು 35 ಕಿಲೋಹರ್ಟ್ಸ್‌ಗೆ ಏರಿ ಕಿವಿಗೆ ಕೇಳದಂತಾಗುತ್ತದೆ. ಹಾಗೇ ಬಿಟ್ಟರೆ ಸೊಳ್ಳೆಯಂಥ ಕೀಂ ಕೊನೆಯವರೆಗೂ ಕಾಡುತ್ತದೆ.

ಚಿತ್ರದ ತಪ್ಪನ್ನು ನಿಧಾನವಾಗಿ ಸರಿಪಡಿಸಿದರೂ ನಡೆದೀತು. ಅರ್ಥ್ ಪಿನ್ ಕುರಿತ ಸಾಲಿಗೆ ಮಾತ್ರ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗ, ಧಾರವಾಡ