ಬಾಗಿಲ ಸಂದಿಯಿಂದ ಶುರು ಮಾಡು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ಮಾತು ಅರ್ಧ ಕೇಳಿಸಿತು, ನಿನ್ನ ಬೆಕ್ಕು ಬೆಲ್ಲಿಯ ಗುರ್ ಗುರ್ ಅರ್ಧ. ಮಳೆಯಲ್ಲಿ ನೆನೆದು ಕಾರಿನ ಕೆಳಗೆ ಕೂಗುತ್ತಿದ್ದ ಬೆಕ್ಕಿನ ಮರಿಯನ್ನು ಬಿಟ್ಟು ಬರುವುದು ನಿನ್ನ ಕೈಲಾಗುವ ಕೆಲಸವಲ್ಲ, ಗೊತ್ತು. ತಂದಿದ್ದಕ್ಕೆ ಬೈಯಲ್ಲ. ಆದರೆ ತಂದ ಐದೇ ನಿಮಿಷಕ್ಕೆ ಬೆಲ್ಲಿಯ ಮುಂದಿಟ್ಟು "ನೋಡು, ತಂಗಿ ಬಂದಳು" ಅಂದೆಯಲ್ಲ, ಅದಕ್ಕೆ ಬೈಯಬೇಕು. ಬೈಯೋಣ ಅಂದರೆ ನಾನೂ ಅದನ್ನೇ ಮಾಡಿದವಳು.

ನೀನಾಗ ಯುಕೆಜಿ. ಹಾಸನದ ಹಳೇ ಮನೆಯಲ್ಲಿ ಸುಬ್ಬಿ ಇದ್ದಳು, ಒಂದು ಕಿವಿ ಹರಿದವಳು, ನೆನಪಿದೆಯಾ? ಇಲಿ ಕಾಟ ಜಾಸ್ತಿಯಾಯಿತು ಅಂತ ನಿಮ್ಮಪ್ಪ ಒಂದು ಗಂಡು ಮರಿಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಂದರು. ನಾನು ಅದನ್ನು ಸೀದಾ ಸುಬ್ಬಿಯ ಬಟ್ಟಲ ಪಕ್ಕ ಇಳಿಸಿದೆ. ಹೊಂದಿಕೊಂಡು ಹೋಗುತ್ತವೆ ಅಂದುಕೊಂಡೆ. ಸುಬ್ಬಿಯ ಬಾಲ ಪೊರಕೆಯಾಯಿತು. ಮರಿಯ ಮೂತಿಗೆ ಒಂದು ಬಾರಿಸಿ, ಏಣಿ ಹತ್ತಿ ಅಟ್ಟ ಸೇರಿದವಳು ನಾಲ್ಕು ದಿನ ಸರಿಯಾಗಿ ಕೆಳಗಿಳಿಯಲಿಲ್ಲ. ಅಟ್ಟದಲ್ಲಿ ನೆಂಟರಿಗೆಂದು ಹತ್ತಿ ಹಾಸಿಗೆ ಸುತ್ತಿಟ್ಟಿದ್ದೆ. ಅದರ ಮೇಲೆ ಉಚ್ಚೆ ಹೊಯ್ದಿದ್ದಳು. ಮೂರು ದಿನ ಬಿಸಿಲಿಗೆ ಹಾಕಿದರೂ ನಾತ ಹೋಗಲಿಲ್ಲ. "ಸೊಕ್ಕು ಇದಕ್ಕೆ" ಅಂತ ನಿಮ್ಮಜ್ಜಿ ಬೈದರು. ಸೊಕ್ಕಲ್ಲ, ದಿಗಿಲು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ.

ಬೆಕ್ಕಿಗೆ ಮನೆ ಅಂದರೆ ವಾಸನೆ. ಬೆಲ್ಲಿ ಸೋಫಾದ ಮೂಲೆಗೆ, ನಿನ್ನ ಮೊಣಕಾಲಿಗೆ ಕೆನ್ನೆ ಉಜ್ಜುತ್ತಾಳಲ್ಲ, ಅದು ಬರೀ ಮುದ್ದಲ್ಲ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿರುತ್ತವೆ. ಮನೆ ತುಂಬಾ ತನ್ನ ಗುರುತು ಹಚ್ಚಿಟ್ಟು ನೆಮ್ಮದಿಯಾಗಿದ್ದಾಳೆ. ಅಲ್ಲಿಗೆ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಪರಕೀಯ ವಾಸನೆಯೊಂದು ನಡೆದು ಬಂತು. ಗುರುಗುಟ್ಟದೆ ಇನ್ನೇನು ಮಾಡುತ್ತಾಳೆ?

"ತಮ್ಮ ಹುಟ್ಟಿದಾಗ ಇವಳೂ ಹೀಗೇ ಮಾಡಿದ್ದಳು" ಅಂತ ನಿಮ್ಮಪ್ಪ ಇಲ್ಲಿ ನಗುತ್ತಿದ್ದಾರೆ. ಸುಮ್ನೆ ಹೇಳ್ತಾರೆ. ನಿನಗೆ ತಿಂಗಳುಗಟ್ಟಲೆ ಹೊಟ್ಟೆ ತೋರಿಸಿ ಹೇಳಿದ್ದೆ. ಬೆಲ್ಲಿಗೆ ಯಾರು ಹೇಳಿದರು?

ಆದದ್ದಾಯಿತು, ಮತ್ತೆ ಮೊದಲಿಂದ ಶುರು ಮಾಡು. ಮರಿಯನ್ನು ಚಿಕ್ಕ ರೂಮಿಗೆ ಹಾಕಿ ಬಾಗಿಲು ಮುಚ್ಚು. ಕಡಿಮೆ ಅಂದರೂ ಎರಡು ವಾರ. ಇದು ಜಗಳ ತಪ್ಪಿಸುವುದಕ್ಕೆ ಮಾತ್ರ ಅಲ್ಲ. ಬೀದಿಯಿಂದ ಬಂದ ಮರಿ ಏನು ಹೊತ್ತು ತಂದಿದೆಯೋ ಯಾರಿಗೆ ಗೊತ್ತು. ಪ್ಯಾನ್‌ಲ್ಯುಕೋಪೇನಿಯಾ ಅಂತ ಒಂದು ಕೆಟ್ಟ ವಾಂತಿಭೇದಿ ರೋಗವಿದೆ, ಮರಿಗಳನ್ನು ಎರಡೇ ದಿನದಲ್ಲಿ ಮಲಗಿಸಿಬಿಡುತ್ತದೆ. ಅದರ ವೈರಸ್ ಕೈಯಲ್ಲಿ, ಚಪ್ಪಲಿಯಲ್ಲೂ ಬರುತ್ತದೆ. ಮರಿಯನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಂಡೇ ಬೆಲ್ಲಿಯನ್ನು ಎತ್ತಿಕೋ. ಮರಿಯನ್ನು ಡಾಕ್ಟರಿಗೆ ತೋರಿಸಿ ಜಂತು, ಚಿಗಟಕ್ಕೆ ಔಷಧಿ ಹಾಕಿಸು, ಲಸಿಕೆ ಯಾವಾಗ ಅಂತ ಕೇಳು. ಬೆಲ್ಲಿಯ ಲಸಿಕೆ ಕಾರ್ಡನ್ನೂ ಒಮ್ಮೆ ತೆಗೆದು ನೋಡು. ಇನ್ನೊಂದು, ಮರಿಗೆ ಹಸುವಿನ ಹಾಲು ಕೊಡಬೇಡ, ಭೇದಿಯಾಗುತ್ತದೆ. ನಾವು ಸುಬ್ಬಿಗೆ ಜೀವಮಾನವಿಡೀ ಹಾಲೇ ಹೊಯ್ದೆವು, ಆ ಮಾತು ಬೇರೆ.

ಆಮೇಲೆ ಮೂಗಿನ ಪರಿಚಯ. ನಿನ್ನ ಹಳೇ ಕಾಟನ್ ದುಪಟ್ಟಾ ಒಂದನ್ನು ಎರಡು ತುಂಡು ಮಾಡು. ಒಂದರಿಂದ ಮರಿಯ ಕೆನ್ನೆ ಒರೆಸಿ ಬೆಲ್ಲಿಯ ಬಟ್ಟಲಿನಿಂದ ಸ್ವಲ್ಪ ದೂರ ಹಾಸು. ಇನ್ನೊಂದರಿಂದ ಬೆಲ್ಲಿಯ ಕೆನ್ನೆ ಒರೆಸಿ ಮರಿಯ ಹತ್ತಿರ. ಬೆಲ್ಲಿ ಮೊದಲ ದಿನ ಬುಸ್ ಅಂದು ಹೋಗುತ್ತಾಳೆ. ಹೋಗಲಿ. ಯಾವತ್ತು ಆ ಬಟ್ಟೆಯನ್ನು ದಾಟಿಕೊಂಡು ಬಂದು ಊಟಕ್ಕೆ ಕೂರುತ್ತಾಳೋ, ಅವತ್ತು ಎರಡೂ ಬಟ್ಟಲನ್ನು ಮುಚ್ಚಿದ ಬಾಗಿಲಿನ ಆಚೆ ಈಚೆ ಇಡು. ಮೊದಲು ಒಂದು ಮಾರು ದೂರ, ದಿನಕ್ಕೆ ಒಂದು ಗೇಣು ಹತ್ತಿರ. ಆ ವಾಸನೆ ಬಂದಾಗಲೆಲ್ಲ ಮೀನು ಸಿಗುತ್ತದೆ ಅಂತ ಬೆಲ್ಲಿಯ ತಲೆಯಲ್ಲಿ ಕೂರಬೇಕು. ಬಾಗಿಲಿಗೆ ಅಂಟಿಕೊಂಡು ಇಬ್ಬರೂ ತಿಂದ ಮೇಲೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು ಹಿಡಿ. ಐದು ನಿಮಿಷ ಸಾಕು, ಮತ್ತೆ ಮುಚ್ಚು.

ಬುಸುಗುಟ್ಟಿದರೆ ಗದರಬೇಡ. "ದೂರ ಇರು" ಅನ್ನುವುದು ಅವರ ಭಾಷೆ ಅಷ್ಟೇ. ಆದರೆ ಕಿವಿ ತಲೆಗೆ ಅಂಟಿ, ಕಣ್ಣು ಮಿಟುಕಿಸದೆ ನಿಂತರೆ ನಡುವೆ ದಿಂಬು ಹಿಡಿದು ಬಾಗಿಲು ಹಾಕು. ಕೈ ಮಾತ್ರ ಹಾಕಬೇಡ, ನನ್ನ ಎಡಗೈ ಮೇಲಿನ ಗೀರು ನೋಡಿದ್ದೀಯಲ್ಲ.

ಮಲದ ಟ್ರೇ ಎರಡಲ್ಲ, ಮೂರು ಇಡು. ಸಾಲಾಗಿ ಅಲ್ಲ, ಬೇರೆ ಬೇರೆ ಕಡೆ. ಬಾಡಿಗೆ ಮನೆಯಲ್ಲಿ ಜಾಗ ಎಲ್ಲಿ ಅಂತೀಯ, ನನಗೂ ಗೊತ್ತಿಲ್ಲ, ಹುಡುಕು. ಪುಸ್ತಕದ ಕಪಾಟಿನ ಮೇಲಿರುವ ನಿನ್ನ ಕಪ್ಪುಗಳನ್ನೆಲ್ಲ ತೆಗೆದುಬಿಡು. ಬೇಜಾರಾದಾಗ ಬೆಲ್ಲಿಗೆ ಹತ್ತಿ ಕೂರಲು ಎತ್ತರದ ಜಾಗ ಬೇಕು. ಮರಿ ಹೆಣ್ಣು ಅಂದೆಯಲ್ಲ, ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಆಪರೇಷನ್ ಯಾವಾಗ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೋ.

ಇಷ್ಟೆಲ್ಲ ಮಾಡಿದರೂ ಒಟ್ಟಿಗೆ ಮಲಗಿದ ಫೋಟೋ ಸಿಗುತ್ತದೆ ಅಂತ ಕಾಯಬೇಡ. ತಿಂಗಳುಗಳೇ ಹಿಡಿಯಬಹುದು, ಸಿಗದೆಯೂ ಇರಬಹುದು. ಸುಬ್ಬಿ ಆ ಗಂಡು ಮರಿಯನ್ನು ಒಂದು ದಿನವೂ ನೆಕ್ಕಲಿಲ್ಲ. ಆದರೆ ಮಾರನೇ ವರ್ಷದ ಚಳಿಗಾಲದಲ್ಲಿ ಬೆಳಿಗ್ಗೆ ಅಟ್ಟದ ಏಣಿಗೆ ಬಿಸಿಲು ಬೀಳುತ್ತಿತ್ತಲ್ಲ, ಐದನೇ ಮೆಟ್ಟಿಲಲ್ಲಿ ಅವಳು, ಮೂರನೇದರಲ್ಲಿ ಅವನು. ನಾಲ್ಕನೇದು ಖಾಲಿ. ಅವಳ ಬಾಲ ಅವನ ತಲೆಯ ಮೇಲೆ ಜೋತಾಡುತ್ತಿದ್ದರೂ ಇಬ್ಬರೂ ಸುಮ್ಮನಿರುತ್ತಿದ್ದರು.

ಮುಂದಿನ ತಿಂಗಳು ಬರುತ್ತೇನೆ. ಮರಿಗೆ ಏನು ಹೆಸರಿಟ್ಟೆ? ನನಗೆ ಅಂತ ತೆಗೆದಿಟ್ಟಿರುವ ಹಾಸಿಗೆಯನ್ನು ಇವತ್ತೇ ಬೀರುವಿನೊಳಗೆ ಹಾಕಿ ಬಾಗಿಲು ಮುಚ್ಚು.

ನಿನ್ನ
ಅಮ್ಮ